ಎರಡು ಅಂಕ

ಬಸ್ಸಿನಲ್ಲಿ ಆಸ್ಪತ್ರೆ ಸಹಾಯಕಿಯರ ತಿಳಿನೀಲಿ ಸಮವಸ್ತ್ರದ ಹುಡುಗಿಯೊಬ್ಬಳು ಎದ್ದು "ಕೂತ್ಕೊಳ್ಳಿ ಸಿಸ್ಟರ್" ಎಂದು ಜಾಗ ಬಿಟ್ಟುಕೊಟ್ಟಾಗ ಅವಳಿಗೆ ಮೊದಲು ಅನಿಸಿದ್ದು ಅಸಹ್ಯ. ಕೂತಳು. ಹುಡುಗಿ ಕಂಬಿ ಹಿಡಿದು ನಿಂತು, ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಅವಳ ಬಿಳಿ ಕೋಟಿಗೆ ಎಲ್ಲಿ ತಾಗಿಬಿಡುತ್ತೇನೋ ಎಂದು ಮೈಯನ್ನು ಮುದುಡಿಕೊಳ್ಳುತ್ತಿದ್ದಳು. ಸಹಾಯಕಿಯಾಗಿ ಹನ್ನೊಂದು ವರ್ಷ ನಾನೂ ಹೀಗೇ ಮುದುಡಿಕೊಂಡಿದ್ದೆ, ನೋಡುವವರಿಗೆ ಹೀಗೇ ಕಾಣುತ್ತಿದ್ದೆ ಎಂದುಕೊಂಡು ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಬೆಳಿಗ್ಗೆ ಮನೆಯಲ್ಲೂ ಅದೇ. ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸದ ಗಂಡ, ಅವಳು ನರ್ಸಾದ ಹದಿನಾಲ್ಕು ತಿಂಗಳಿಂದ ತಪ್ಪದೆ ಹೇಳುವ ಒಂದೇ ಹಾಸ್ಯವನ್ನು ಇವತ್ತೂ ಹೇಳಿದ್ದ: "ಸಿಸ್ಟರ್, ಟೀ ಆಯ್ತಾ?" ಹೆಂಡತಿಯನ್ನು ಸಿಸ್ಟರ್ ಅನ್ನುವ ಗಂಡ ಜಗತ್ತಿಗೆ ತಾನೊಬ್ಬನೇ ಎಂದು ತಾನೇ ನಕ್ಕು, ಅವಳ ಕೋಟಿನ ಕಾಲರನ್ನು ಎರಡು ಬೆರಳಲ್ಲಿ ನೀವಿ ನೋಡಿ, ಮಡಿಕೆ ನೆಟ್ಟಗಿದೆಯೆಂದು ತೃಪ್ತಿಪಟ್ಟಿದ್ದ. ಅವನ ಬೆರಳುಗಳಿಗೆ ಸದಾ ಬಿಸಿ ಬಟ್ಟೆಯ ವಾಸನೆ. ಮೂರು ವರ್ಷ ಅವಳು ಓದಿದ ಪಠ್ಯಪುಸ್ತಕಗಳ ಇಂಗ್ಲಿಷ್ ಪದಗಳನ್ನು ಹೇಗೆ ಉಚ್ಚರಿಸಬೇಕೆಂದು ಹೇಳಿಕೊಟ್ಟ ಮಗಳು ಮಾತ್ರ ತಲೆಯೆತ್ತಲಿಲ್ಲ. ಮಗಳು ಹೇಳಿಕೊಡುವಾಗ ಒಂದು ಹುಬ್ಬು ಮೇಲೇರುತ್ತಿತ್ತು. ಆ ಹುಬ್ಬನ್ನು ನೆನೆದರೆ ಇವತ್ತಿಗೂ ಅವಳ ಕಿವಿ ಬಿಸಿಯಾಗುತ್ತದೆ. ಹೆತ್ತ ಹೊಟ್ಟೆಯ ಎದುರು ಆ ಹುಬ್ಬು ಏರಬಾರದಿತ್ತು.

ಇವತ್ತು ಅವಳ ಕೆಲಸ ವಾರ್ಡಿನಲ್ಲಲ್ಲ, ಮೊದಲ ಮಹಡಿಯ ಅಭ್ಯಾಸ ಕೋಣೆಯಲ್ಲಿ. ಸೇವೆಯಲ್ಲಿರುವ ಸಹಾಯಕಿಯರನ್ನು ನರ್ಸಿಂಗ್ ಡಿಪ್ಲೊಮಾಗೆ ಆರಿಸುವ ಪ್ರಾಯೋಗಿಕ ಪರೀಕ್ಷೆ. ಅವಳು ಪರೀಕ್ಷಕಿ. ಆ ಗೌರವ ಯಾಕೆ ಸಿಕ್ಕಿದೆಯೆಂಬುದು ಮೆಟ್ಟಿಲ ಪಕ್ಕದ ಗೋಡೆಯ ಮೇಲೇ ಇತ್ತು: ಅವಳದೇ ಆಳೆತ್ತರದ ಫೋಟೊ, ಹಲ್ಲು ಕಾಣುವ ನಗು, ಕೆಳಗೆ 'ನಿನ್ನೆ ಸಹಾಯಕಿ, ಇಂದು ನರ್ಸ್, ನಾಳೆ ನೀವೂ'. ಫೋಟೊ ತೆಗೆಯುವಾಗ ಪ್ರಿನ್ಸಿಪಾಲರು "ಇನ್ನೂ ಸ್ವಲ್ಪ ನಗಮ್ಮ, ಕಷ್ಟಪಟ್ಟು ಮೇಲೆ ಬಂದೋರ ಥರ ನಗು" ಎಂದಿದ್ದರು. ಅವಳು ಹಾಗೇ ನಕ್ಕಿದ್ದಳು. ಯಾರೋ ಫೋಟೊದ ಹಲ್ಲಿಗೆ ಪೆನ್ನಿನಲ್ಲಿ ಕಪ್ಪು ಬಳಿದಿದ್ದರು. ಬಳಿದವರು ತಿಳಿನೀಲಿಯವರೇ ಇರಬೇಕು, ಬೇರೆ ಯಾರಿಗೆ ಅಷ್ಟು ಹೊಟ್ಟೆಯುರಿ? ಆದರೆ ಬಳಿದ ಕೈ ಯಾವುದೇ ಇರಲಿ, ಅದರ ಮೇಲೆ ಅವಳಿಗೆ ಒಂದು ಕ್ಷಣ ಮಮತೆಯಂಥದ್ದೇನೋ ಹುಟ್ಟಿ, ಹುಟ್ಟಿದ್ದಕ್ಕೆ ಅವಳು ತನ್ನ ಮೇಲೇ ಮೂಗು ಮುರಿದಳು.

ಕೋಣೆಯಲ್ಲಿ ಒಂದು ಮಂಚ, ಅದರ ಮೇಲೆ ರಬ್ಬರಿನ ರೋಗಿ. ವಿದ್ಯಾರ್ಥಿಗಳು ಅದಕ್ಕೆ ಮೂಕಮ್ಮ ಎಂದು ಹೆಸರಿಟ್ಟಿದ್ದರು. ನೂರಾರು ಜನ ಎತ್ತಿ ಇಳಿಸಿ ಒರೆಸಿ ಅದರ ಮೂಗು ಚಪ್ಪಟೆಯಾಗಿತ್ತು. ಇನ್ನೊಬ್ಬ ಪರೀಕ್ಷಕಿ ಕಾಲೇಜಿನ ಟ್ಯೂಟರ್, ವಯಸ್ಸು ಇಪ್ಪತ್ತಾರು. ಅವಳಿಗೂ ಪಾಠ ಮಾಡಿದವಳು. ತರಗತಿಯಲ್ಲಿ ಒಮ್ಮೆ ಅವಳ ಉತ್ತರ ಪತ್ರಿಕೆಯನ್ನು ಎತ್ತಿ ಹಿಡಿದು "ಇದು ಕೈಯಲ್ಲಿ ಬರೆದದ್ದೋ ಕಾಲಲ್ಲೋ" ಎಂದು ಕೇಳಿದ್ದಳು. ನಲವತ್ತು ದಾಟಿದ ಅವಳು ಎಲ್ಲರ ಜೊತೆ ನಕ್ಕಿದ್ದಳು, ಎಲ್ಲರಿಗಿಂತ ಜೋರಾಗಿ.

"ಹತ್ತು ಜನ ಇದಾರೆ, ಹನ್ನೊಂದೂವರೆಗೆ ಮುಗಿಸಿಬಿಡೋಣ" ಎಂದು ಟ್ಯೂಟರ್ ಅಂಕದ ಹಾಳೆಗಳನ್ನು ಮೇಜಿನ ಮೇಲೆ ಹಾಕಿದಳು. "ಐವತ್ತಕ್ಕೆ ಮೂವತ್ತೈದು ಬಂದ್ರೆ ಪಾಸು. ನಿಮ್ಮವರ ವಿಷಯ ನಿಮಗೇ ಚೆನ್ನಾಗಿ ಗೊತ್ತಿರತ್ತೆ."

ನಿಮ್ಮವರು. ಅವಳು ಪೆನ್ನಿನ ಮುಚ್ಚಳ ತೆಗೆದಳು.

ಏಳು ಜನ ಬಂದು ಹೋದರು. ಮೂಕಮ್ಮನ ಮುಂದೆ ನಿಂತ ತಕ್ಷಣ ಅವರ ನಾಲಿಗೆಗಳು ಒಣಗುತ್ತಿದ್ದವು. ದಿನವೂ ಮಾಡುವ ಕೆಲಸವನ್ನು ಯಾರೋ ಕಲಿಸಿದ ಕುಣಿತದಂತೆ ಮಾಡುತ್ತಿದ್ದರು. ಒಬ್ಬಳು ಗೊಂಬೆಗೆ ಕೈಮುಗಿದಳು. ಟ್ಯೂಟರ್ ಬಾಯಿಗೆ ಕೈಯಡ್ಡ ಹಿಡಿದು ನಕ್ಕಳು. ಅವಳಿಗೂ ನಗು ಬಂತು, ಆದರೆ ಟ್ಯೂಟರ್ ನಕ್ಕಳೆಂದು ತಡೆದುಕೊಂಡಳು. ಎಂಟನೆಯವಳು ಬಾಗಿಲಲ್ಲಿ ನಿಂತು ಚಪ್ಪಲಿ ಬಿಡಬೇಕೋ ಬೇಡವೋ ಎಂದು ನೋಡುತ್ತಿದ್ದಾಗ, ಮುಖ ನೋಡುವ ಮೊದಲೇ ಆ ಪಾದಗಳಿಂದಲೇ ದೊಡ್ಡಕ್ಕ ಎಂದು ಅವಳಿಗೆ ಗೊತ್ತಾಯಿತು.

ದೊಡ್ಡಕ್ಕ ವಾರ್ಡಿನ ಸಹಾಯಕಿಯರಲ್ಲಿ ಎಲ್ಲರಿಗಿಂತ ಹಿರಿಯಳು, ವಯಸ್ಸು ನಲವತ್ತೊಂಬತ್ತು. ಬರೆಯುವ ಪರೀಕ್ಷೆಯನ್ನು ಮೂರನೇ ಸಲಕ್ಕೆ ದಾಟಿಕೊಂಡಿದ್ದಾಳೆ. ಐವತ್ತು ತುಂಬಿದವರಿಗೆ ಡಿಪ್ಲೊಮಾದಲ್ಲಿ ಜಾಗವಿಲ್ಲವಾದ್ದರಿಂದ ಇದೇ ಕೊನೆಯ ಅವಕಾಶ. ಹನ್ನೆರಡು ವರ್ಷದ ಹಿಂದೆ, ಮೊದಲ ದಿನ, ಬೆಡ್‌ಪ್ಯಾನ್ ಹಿಡಿದು ಓಕರಿಸುತ್ತ ಗೋಡೆಗೆ ಒರಗಿದ್ದ ಅವಳಿಗೆ "ಮೂಗಲ್ಲಿ ಅಲ್ಲ, ಬಾಯಲ್ಲಿ ಉಸಿರಾಡು, ಮತ್ತೆ ಅವರ ಮುಖ ನೋಡಬೇಡ, ಅವರಿಗೂ ನಾಚಿಕೆ ಇರತ್ತೆ" ಎಂದವಳು ಇವಳೇ. ಮಂಡಿ ಬಗ್ಗಿಸಿ ಎತ್ತು, ಸೊಂಟ ಬಗ್ಗಿಸಬೇಡ ಎಂದವಳೂ ಇವಳೇ. ಆಮೇಲೆ ಅವಳು ಓದಲು ಹೊರಟ ಮೂರು ವರ್ಷ, ಅವಳ ಪಾಲಿನ ಅರ್ಧ ಮಂಚಗಳನ್ನು ದೊಡ್ಡಕ್ಕನೇ ಮಾಡಿದಳು. ಬಟ್ಟೆ ಜೋಡಿಸುವ ಕೋಣೆಯಲ್ಲಿ ಮಡಿಸಿದ ಹೊದಿಕೆಗಳ ಮೇಲೆ ಕೂತು ಅವಳು ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತಿದ್ದರೆ, ದೊಡ್ಡಕ್ಕ ಹೊರಗಿನಿಂದ ಬಾಗಿಲು ಎಳೆದುಕೊಂಡು, ಕೇಳಿದವರಿಗೆ "ಅವಳು ಲ್ಯಾಬಿಗೆ ಹೋಗಿದಾಳೆ" ಎನ್ನುತ್ತಿದ್ದಳು. ಬಿಳಿ ಕೋಟು ಹಾಕಿಕೊಂಡು ಬಂದ ದಿನ ಅದೇ ದೊಡ್ಡಕ್ಕ ಅವಳನ್ನು "ಸಿಸ್ಟರ್, ನೀವು" ಎಂದು ಕರೆದಳು. ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಹನ್ನೊಂದು ವರ್ಷದ 'ನೀನು' ಅನ್ನು ಒಂದೇ ಬೆಳಿಗ್ಗೆಗೆ ಸಲೀಸಾಗಿ 'ನೀವು' ಮಾಡಿಬಿಟ್ಟ ಆ ವಿಧೇಯತೆಯನ್ನು ಅವಳು ಅವತ್ತಿನಿಂದಲೇ ತಿರಸ್ಕರಿಸತೊಡಗಿದ್ದಳು.

ಅಷ್ಟರಲ್ಲಿ ಟ್ಯೂಟರ್‌ಗೆ ಪ್ರಿನ್ಸಿಪಾಲರ ಕೋಣೆಯಿಂದ ಕರೆ ಬಂತು. "ಇವರದ್ದು ನೀವೇ ಹಾಕಿಬಿಡಿ, ನಾನು ಬಂದು ಸಹಿ ಮಾಡ್ತೀನಿ" ಎಂದು ಹೋದಳು. ಕೋಣೆಯಲ್ಲಿ ಇಬ್ಬರು ಮತ್ತು ಮೂಕಮ್ಮ.

"ಶುರು ಮಾಡ್ಲಾ ಸಿಸ್ಟರ್?"

"ಮಾಡಿ. ಏನು ಮಾಡ್ತೀರೋ ಅದನ್ನ ಬಾಯಲ್ಲಿ ಹೇಳ್ತಾ ಮಾಡಬೇಕು. ರೋಗಿಗೆ ವಿವರಿಸಬೇಕು."

ದೊಡ್ಡಕ್ಕ ಮೂಕಮ್ಮನನ್ನು ನೋಡಿದಳು. "ಇದಕ್ಕಾ?"

"ಇದಕ್ಕೇ."

ದೊಡ್ಡಕ್ಕನಿಗೆ ಆಗಲಿಲ್ಲ. ತುಟಿ ಎರಡು ಸಲ ಅಲುಗಿ ಸುಮ್ಮನಾಯಿತು. ಜೀವವಿದ್ದವರ ಜೊತೆ ಇಡೀ ದಿನ ಮಾತಾಡುವವಳು, ಪ್ರಜ್ಞೆಯಿಲ್ಲದೆ ಮಲಗಿದವರಿಗೂ "ಸ್ವಲ್ಪ ಆ ಕಡೆ ಹೊರಳೋಣವಾ ತಾಯಿ" ಎನ್ನುವವಳು, ರಬ್ಬರಿನ ಎದುರು ತುಟಿ ಪಿಟಕ್ಕೆನ್ನಲಿಲ್ಲ. ಪರೀಕ್ಷಕಿಯಾದ ಅವಳು ರೋಗಿಗೆ ವಿವರಿಸುವ ಸಾಲಿನ ಐದಕ್ಕೆ ಸೊನ್ನೆ ಹಾಕಿದಳು. ಹಂತಗಳನ್ನು ಬಾಯಲ್ಲಿ ಹೇಳಲಿಲ್ಲ, ನಾಲ್ಕು ಹೋಯಿತು. ಕೈ ತೊಳೆದ ಕ್ರಮ ಪುಸ್ತಕದ ಏಳು ಹಂತದ್ದಲ್ಲ, ಮೂರು ಹೋಯಿತು. ಉಪಕರಣಗಳ ಹೆಸರು ಇಂಗ್ಲಿಷಿನಲ್ಲಿ ಬರಲಿಲ್ಲ, ಇನ್ನೂ ಮೂರು. ಉಳಿದದ್ದನ್ನು ಮಾತ್ರ ದೊಡ್ಡಕ್ಕನ ಕೈ ತನ್ನ ಪಾಡಿಗೆ ತಾನು ಮಾಡಿಕೊಂಡು ಹೋಯಿತು. ಮಂಚದ ಹತ್ತಿರ ಬಂದವಳೇ ಬಲಗಾಲಿನ ತುದಿಯಲ್ಲಿ ಚಕ್ರದ ಬ್ರೇಕ್ ಒತ್ತಿದಳು. ದೊಡ್ಡಕ್ಕನ ಕಣ್ಣು ಅತ್ತ ಹೋಗಲೇ ಇಲ್ಲ. ಟಕ್ ಎಂದಿತು. ಮೂಕಮ್ಮನನ್ನು ಮಗ್ಗುಲಿಗೆ ಹೊರಳಿಸಿ, ಹಾಸಿಗೆಯ ಸುಕ್ಕು ಎಳೆದು, ಮತ್ತೆ ಮಲಗಿಸಿದಳು. ಆಮೇಲೆ ಹಾಳೆಯಲ್ಲಿ ಇಲ್ಲದ್ದೊಂದನ್ನು ಮಾಡಿದಳು: ಗೊಂಬೆಯ ಹಿಮ್ಮಡಿಯ ಕೆಳಗೆ ಅಂಗೈ ತೂರಿಸಿ, ಒತ್ತಿ ಕೆಂಪಾಗಿದೆಯೇ ಎಂದು ಬಗ್ಗಿ ನೋಡಿದಳು. ಅದಕ್ಕೆ ಅಂಕದ ಹಾಳೆಯಲ್ಲಿ ಸಾಲಿರಲಿಲ್ಲ.

"ಆಯ್ತು ಸಿಸ್ಟರ್" ಎಂದು ಹೇಳಿ ಹೋದಳು.

ಅವಳು ಕೂಡಿಸಿದಳು. ಒಂದು ಸಾಲು ಖಾಲಿ ಬಿಟ್ಟು ಮೂವತ್ತಮೂರು. ಖಾಲಿ ಉಳಿದ ಸಾಲು 'ಚಕ್ರದ ಬ್ರೇಕ್ ಹಾಕಿದರು', ಅದಕ್ಕೆ ಎರಡು ಅಂಕ. ಪೆನ್ನು ಅಲ್ಲೇ ನಿಂತಿತು. ಹಾಕಿದ್ದನ್ನು ನೋಡಿದೆನಾ? ನೋಡಲಿಲ್ಲ, ಹಾಳೆ ನೋಡುತ್ತಿದ್ದೆ. ಕೇಳಿಸಿತಲ್ಲ. ಕೇಳಿಸಿದ್ದು ಬೇರೆ, ನೋಡಿದ್ದು ಬೇರೆ. ಹೀಗೆ ತನ್ನ ಜೊತೆ ತಾನೇ ವಕೀಲಿಕೆ ಮಾಡುತ್ತಿರುವಾಗ ಅವಳಿಗೆ ನರ್ಸಾದ ಮೊದಲ ತಿಂಗಳು ಕಣ್ಣ ಮುಂದೆ ಬಂತು. ಉಬ್ಬಸದ ಮುದುಕರೊಬ್ಬರಿಗೆ ಮಾಸ್ಕ್ ಕಟ್ಟಿ, ಪುಸ್ತಕದಲ್ಲಿ 'ಆಮ್ಲಜನಕ ಕೊಡಲಾಗಿದೆ' ಎಂದು ದುಂಡಗೆ ಬರೆದು, ಬರೆದದ್ದರ ಚೆಂದ ನೋಡುತ್ತ ಕೂತಿದ್ದಳು. ಗೋಡೆಯ ಕೊಳವೆಯ ತಿರುಪು ತಿರುಗಿಸಿರಲಿಲ್ಲ. ದಿಂಬಿನ ಚೀಲ ಬದಲಿಸಲು ಬಂದ ದೊಡ್ಡಕ್ಕ ಮುದುಕರ ತುಟಿ ನೋಡಿದಳು, ಗೋಡೆ ನೋಡಿದಳು, ಕೈಯೆತ್ತಿ ತಿರುಗಿಸಿದಳು. ಆಮೇಲೆ ವಾರ್ಡಿನ ಆ ತುದಿಯಿಂದ ಈ ತುದಿಗೆ ಅವಳನ್ನು ಒಮ್ಮೆ ನೋಡಿ ದಿಂಬಿನ ಚೀಲದ ಕೆಲಸಕ್ಕೆ ಮರಳಿದಳು. ಅಷ್ಟೇ. ಎಂಟು ದಿನ ಅವಳು ಸುದ್ದಿ ಹಬ್ಬುವುದನ್ನು ಕಾದಳು. ಹಬ್ಬಲಿಲ್ಲ. ಬಾಯಿಬಿಟ್ಟಿದ್ದರೆ ಚಾಡಿಕೋರಿ ಎಂದು ದ್ವೇಷಿಸಬಹುದಿತ್ತು, ಕೇಳಿದ್ದರೆ ಕಾಲು ಹಿಡಿಯಬಹುದಿತ್ತು. ಎರಡಕ್ಕೂ ಎಡೆ ಕೊಡದ ಆ ಸುಮ್ಮನಿರುವಿಕೆಯನ್ನು ಅವಳು ಹದಿನಾಲ್ಕು ತಿಂಗಳಿಂದ ಎದೆಯ ಮೇಲೆ ಹೊತ್ತುಕೊಂಡು ಮಂಚದಿಂದ ಮಂಚಕ್ಕೆ ಓಡಾಡಿದ್ದಾಳೆ. ಈಗ ಆ ದೊಡ್ಡಕ್ಕನೂ ಬಿಳಿ ಕೋಟು ಹಾಕಿಕೊಂಡು, ಪಕ್ಕದ ಕುರ್ಚಿಯಲ್ಲಿ ಕೂತು, ಅದೇ ಕಣ್ಣಿನಲ್ಲಿ ನೋಡುತ್ತ ನಿವೃತ್ತಿಯವರೆಗೆ ಇರುತ್ತಾಳೆ. ಇಂಥವರೂ ಬರುವ ಜಾಗವಾದರೆ ತಾನು ಬಂದದ್ದಾದರೂ ಎಲ್ಲಿಗೆ?

ಅವಳು ಸೊನ್ನೆ ಹಾಕಿದಳು. ದುಂಡಗೆ, ಮುಚ್ಚಿಕೊಂಡಂತೆ ಬಂತು. ಟ್ಯೂಟರ್ ವಾಪಸು ಬಂದು, ನಿಂತುಕೊಂಡೇ, ಓದದೆ ಸಹಿ ಮಾಡಿದಳು.

ಮಧ್ಯಾಹ್ನ ಎರಡಕ್ಕೆ ಪಟ್ಟಿ ಹಾಕಿದರು. ಎರಡೂವರೆಗೆ ದೊಡ್ಡಕ್ಕ ವಾರ್ಡಿನ ಮೇಜಿನ ಹತ್ತಿರ ಬಂದು ನಿಂತಳು. ಅತ್ತಿರಲಿಲ್ಲ. ಅಳುತ್ತಾಳೆಂದು ಅವಳು ತಯಾರಾಗಿದ್ದಳು, ಅಳುವವರನ್ನು ಕಂಡರೆ ಬರುವ ಬೇಸರವನ್ನು ಆಗಲೇ ಮುಖಕ್ಕೆ ಹಚ್ಚಿಕೊಂಡಿದ್ದಳು.

"ಎರಡರಲ್ಲಿ ಹೋಯ್ತು ಸಿಸ್ಟರ್. ಯಾವುದು ತಪ್ಪಾಯ್ತು ಅಂತ ಹೇಳ್ತೀರಾ? ಸುಮ್ನೆ ತಿಳ್ಕೊಳ್ಳೋಣ ಅಂತ."

"ಮಾತಾಡಲಿಲ್ಲ ನೀವು."

"ಅದು ಗೊತ್ತು. ಅದರ ಮುಂದೆ ಬಾಯೇ ಬರಲಿಲ್ಲ. ಬೇರೆ?"

"ಬ್ರೇಕ್ ಹಾಕಿರಲಿಲ್ಲ."

ದೊಡ್ಡಕ್ಕ ತನ್ನ ಬಲಗಾಲನ್ನು ನೋಡಿಕೊಂಡಳು. ಅವಳು ಕಾದಳು. ಈಗ ಹೇಳುತ್ತಾಳೆ, ಹಾಕಿದ್ದೆ ಎಂದು ಹೇಳುತ್ತಾಳೆ, ನಾನು ಹಾಳೆ ತೋರಿಸುತ್ತೇನೆ, ಜಗಳವಾಗುತ್ತದೆ, ಜಗಳವಾದರೆ ಎಲ್ಲ ಸರಿಹೋಗುತ್ತದೆ.

"ಹಾಕಿರಲಿಲ್ವಾ," ಎಂದಳು ದೊಡ್ಡಕ್ಕ. "ಹಾಕಿದ ಹಾಗೇ ಇತ್ತು ಕಾಲಿಗೆ. ನೀವು ನೋಡಿದ್ದೀರಲ್ಲ, ಸರಿ ಬಿಡಿ. ಹಾಗಾದ್ರೆ ವಾರ್ಡಲ್ಲೂ ಎಷ್ಟು ಸಲ ಮರೆತಿದೀನೋ."

ಅಷ್ಟು ಹೇಳಿ ಒಂದನೇ ಮಂಚದ ಹತ್ತಿರ ಹೋಗಿ, ಮಂಡಿಯೂರಿ ಬಗ್ಗಿ, ಬ್ರೇಕನ್ನು ಕೈಯಲ್ಲಿ ಮುಟ್ಟಿ ನೋಡಿದಳು. ಎದ್ದು ಎರಡನೆಯದಕ್ಕೆ ಹೋದಳು. ವಾರ್ಡಿನಲ್ಲಿ ಇಪ್ಪತ್ತೆರಡು ಮಂಚಗಳು. ಇಪ್ಪತ್ತೈದು ವರ್ಷ ತನ್ನ ಕಾಲನ್ನು ನಂಬಿದ ಹೆಂಗಸು ಈಗ ಒಂದೊಂದಕ್ಕೂ ಬಗ್ಗುತ್ತಿದ್ದಳು. ಏಳುವಾಗ ಮಂಚದ ಅಂಚು ಹಿಡಿದು, ಸೊಂಟಕ್ಕೆ ಕೈಕೊಟ್ಟು ಏಳುತ್ತಿದ್ದಳು. ಐದನೇ ಮಂಚದ ರೋಗಿಯ ಕಡೆಯವನೊಬ್ಬ ಕೇಳಿದ: "ಏನಮ್ಮ ಕಳ್ಕೊಂಡ್ರಿ?"

"ಬುದ್ಧಿ ಕಳ್ಕೊಂಡಿದೀನಿ ಕಣಪ್ಪ. ಇಲ್ಲೆಲ್ಲಾದ್ರೂ ಬಿದ್ದಿದ್ಯಾ ಅಂತ ನೋಡ್ತಿದೀನಿ."

ಅವನು ನಕ್ಕ. ಮೇಜಿನ ಹತ್ತಿರ ಕೂತ ಅವಳು ಅತ್ತಲೇ ನೋಡುತ್ತಿದ್ದಳು. ಎಂಥ ಹೆಂಗಸು ಇದು. ಸ್ವಂತ ಕಾಲು ಹೇಳುವುದಕ್ಕಿಂತ ಬಿಳಿ ಕೋಟು ಹೇಳುವುದು ಹೆಚ್ಚೆಂದು ನಂಬುತ್ತದಲ್ಲ. ಹೀಗೆ ನಂಬುವವರು ಇರುವುದರಿಂದಲೇ ಅಲ್ಲವೆ ನನ್ನಂಥವರು ಸೊನ್ನೆ ಹಾಕುವುದು. ಎಂಟನೇ ಮಂಚ, ಒಂಬತ್ತನೇ ಮಂಚ. ಎಲ್ಲ ಬ್ರೇಕುಗಳೂ ಬಿದ್ದೇ ಇದ್ದವು. ಬಿದ್ದಿದ್ದನ್ನು ಕಂಡಷ್ಟೂ ದೊಡ್ಡಕ್ಕನಿಗೆ ಧೈರ್ಯ ಬರುವ ಬದಲು ಮುಂದಿನದರ ಮೇಲೆ ಅನುಮಾನ ಬೆಳೆಯುತ್ತಿತ್ತು. ಹತ್ತನೆಯದನ್ನು ಎರಡು ಸಲ ಮುಟ್ಟಿ ನೋಡಿದಳು. ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಮೇಲಿನ ಮಹಡಿಗೆ ಹೋದಳು.

ಟ್ಯೂಟರ್ ಡಬ್ಬಿ ತೆಗೆದು ಊಟ ಮಾಡುತ್ತಿದ್ದಳು. "ಒಂದು ಅಂಕ ತಿದ್ದಬೇಕಿತ್ತು" ಎಂದಳು ಅವಳು. "ಆ ಎಂಟನೆಯವರದ್ದು. ಬ್ರೇಕ್ ಹಾಕಿದ್ರು."

"ಈಗ ಜ್ಞಾಪಕ ಬಂತಾ?"

ಟ್ಯೂಟರ್ ಡಬ್ಬಿಯ ಮುಚ್ಚಳವನ್ನು ಪಕ್ಕಕ್ಕೆ ಸರಿಸಿದಳು.

"ನೋಡಿ, ಪಟ್ಟಿ ಹೋಗಿದೆ. ತಿದ್ದಬೇಕು ಅಂದ್ರೆ ನೀವು ಪ್ರಿನ್ಸಿಪಾಲರಿಗೆ ಕೈಬರಹದಲ್ಲಿ ಪತ್ರ ಕೊಡಬೇಕು. ಪದವಿ ಕೋರ್ಸಿಗೆ ಈ ಸಲ ನಿಮ್ಮ ಹೆಸರನ್ನೇ ಮೊದಲು ಹಾಕಿದಾರೆ, ಗೊತ್ತಲ್ಲ? ಆ ಪಟ್ಟಿನೂ ಅದೇ ಮೇಜಿನ ಮೇಲಿದೆ. ಪತ್ರನೂ ಅಲ್ಲಿಗೇ ಹೋಗತ್ತೆ." ಟ್ಯೂಟರ್ ಒಂದು ತುತ್ತು ನುಂಗಿ, ಮೆಲ್ಲಗೆ, ಒಳ್ಳೆಯದನ್ನೇ ಹೇಳುತ್ತಿರುವವಳ ಹಾಗೆ ಹೇಳಿದಳು: "ನಲವತ್ತೊಂಬತ್ತಕ್ಕೆ ಓದಿ ಅವರೇನು ಕಡಿದು ಕಟ್ಟೆ ಹಾಕಬೇಕಾಗಿದೆ? ಬಿಡಿ. ಹತ್ತಿದ ಮೇಲೆ ಏಣಿ ಕಡೆ ತಿರುಗಿ ನೋಡಬಾರದು."

ಆ ಮುಖವನ್ನು ಅವಳು ದಿಟ್ಟಿಸಿದಳು. ತುಟಿಯ ಮೂಲೆಯಲ್ಲಿ ಒಂದು ಅನ್ನದ ಅಗುಳು. ತಿರಸ್ಕರಿಸಬೇಕೆಂದುಕೊಂಡಳು. ಆದರೆ ಟ್ಯೂಟರ್ ಹೇಳಿದ್ದರಲ್ಲಿ ತಾನು ಬೆಳಿಗ್ಗೆ ಯೋಚಿಸದ ಒಂದೇ ಒಂದು ಮಾತೂ ಇರಲಿಲ್ಲ.

ಅವಳು ಕೆಳಗೆ ಬಂದಾಗ ದೊಡ್ಡಕ್ಕ ಹದಿನೇಳನೇ ಮಂಚದ ಕೆಳಗಿದ್ದಳು. ರೋಗಿ ಎಕ್ಸ್‌ರೇಗೆ ಹೋಗಿ ಹಾಸಿಗೆ ಖಾಲಿಯಿತ್ತು. ಅವಳೂ ಪಕ್ಕದಲ್ಲಿ ಮಂಡಿಯೂರಿದಳು. ಕೋಟಿನ ಅಂಚು ನೆಲಕ್ಕೆ ತಾಗಿತು.

"ನೀವು ಬ್ರೇಕ್ ಹಾಕಿದ್ರಿ. ನನಗೆ ಕೇಳಿಸ್ತು."

ದೊಡ್ಡಕ್ಕನ ಕೈ ಚಕ್ರದ ಮೇಲೇ ಇತ್ತು. "ಕೇಳಿಸ್ತಾ?"

"ಕೇಳಿಸ್ತು. ಬೇಕೂಂತ್ಲೇ ಸೊನ್ನೆ ಹಾಕಿದೆ."

ದೊಡ್ಡಕ್ಕ ಚಕ್ರದಿಂದ ಕೈ ತೆಗೆದಳು. ಅವಳೇ ಕೇಳಿದಳು: "ಆವತ್ತು ನೀವು ಯಾಕೆ ಯಾರಿಗೂ ಹೇಳಲಿಲ್ಲ?"

"ಯಾವತ್ತು?"

"ಆ ಮುದುಕರಿಗೆ ಆಮ್ಲಜನಕದ ತಿರುಪು ತಿರುಗಿಸದೆ ಬಿಟ್ಟಿದ್ದೆನಲ್ಲ. ನೀವು ನೋಡಿದ್ರಿ."

ದೊಡ್ಡಕ್ಕ ನೆನಪು ಮಾಡಿಕೊಳ್ಳಲು ನಿಜವಾಗಿಯೂ ಪ್ರಯತ್ನಿಸಿದಳು. ಹಣೆ ಸುಕ್ಕಾಯಿತು. "ನನಗೆ ಜ್ಞಾಪಕ ಇಲ್ಲ. ಹೊಸದಾಗಿ ಬಂದೋರು ಎಷ್ಟೋ ಜನ ಮರೀತಾರೆ, ನಾವು ತಿರುಗಿಸ್ತೀವಿ. ಅದನ್ನೆಲ್ಲ ಲೆಕ್ಕ ಇಟ್ಕೊಂಡು ಕೂರಕ್ಕಾಗತ್ತಾ?" ಎಂದವಳು ತಟ್ಟನೆ ನಿಲ್ಲಿಸಿ, ಅವಳ ಮುಖವನ್ನು ಹೊಸದಾಗಿ ನೋಡಿದಳು. "ಅದಕ್ಕಾ?"

ಹದಿನಾಲ್ಕು ತಿಂಗಳು ತಾನು ಹೊತ್ತದ್ದನ್ನು ಎದುರಿನವಳು ಎಲ್ಲೂ ಇಟ್ಟುಕೊಂಡೇ ಇರಲಿಲ್ಲ. ಆ ನೋಟಕ್ಕೆ ಅರ್ಥ ಹಚ್ಚಿದ್ದೇ ತಾನು. ಅವತ್ತು ದೊಡ್ಡಕ್ಕ ಗಡಿಯಾರ ನೋಡುತ್ತಿದ್ದಿರಬಹುದು.

ದೊಡ್ಡಕ್ಕ ಮಂಚದ ಅಂಚು ಹಿಡಿದು ಎದ್ದಳು. ನೆಲದಲ್ಲೇ ಇದ್ದ ಅವಳು ಕೈ ಚಾಚಿದಳು. ದೊಡ್ಡಕ್ಕ ಅದನ್ನು ಹಿಡಿಯಲಿಲ್ಲ. "ಏಳು" ಎಂದಳು ದೊಡ್ಡಕ್ಕ. "ತಿದ್ದಕ್ಕೆ ಏನು ಮಾಡಬೇಕು?"

"ಪತ್ರ ಬರೀಬೇಕಂತೆ."

"ಬಾ."

'ನೀನು' ವಾಪಸು ಬಂದಿತ್ತು. ಹದಿನಾಲ್ಕು ತಿಂಗಳು ಅವಳು ಬಯಸಿದ್ದೂ ಅದನ್ನೇ, ಆದರೆ ಹನ್ನೊಂದು ವರ್ಷದ ಆ ನೀನು ಇದಲ್ಲ. ಕಾಲಿಗೆ ಅಂಟಿದ್ದನ್ನು ಕರೆಯುವಂಥ ನೀನು. ಮೇಜಿನ ಹತ್ತಿರ ಎರಡು ಕುರ್ಚಿಗಳಿದ್ದವು. ಸಹಾಯಕಿಯರು ಅದರಲ್ಲಿ ಕೂರುವ ರೂಢಿಯಿಲ್ಲ. ದೊಡ್ಡಕ್ಕ ಒಂದನ್ನು ಎಳೆದು ಕೂತಳು. ಅವಳು ಕಾಗದ ತೆಗೆದು ಬರೆಯತೊಡಗಿದಳು. ಮಾನ್ಯರೇ, ಈ ದಿನದ ಪರೀಕ್ಷೆಯಲ್ಲಿ ಎಂಟನೇ ಅಭ್ಯರ್ಥಿಯು ಚಕ್ರದ ಬ್ರೇಕ್ ಹಾಕಿದ್ದು ನನ್ನ ಗಮನಕ್ಕೆ ಬಾರದ ಕಾರಣ.

"ಏನು ಬರೆದೆ, ಓದು."

ಓದಿದಳು.

"ಗಮನಕ್ಕೆ ಬಂದಿತ್ತು ಅಂತ ಬರಿ."

"ಹಾಗೆ ಬರೆದ್ರೆ ನನ್ನ ಸೀಟು..."

"ಗಮನಕ್ಕೆ ಬಂದಿತ್ತು ಅಂತ ಬರಿ."

ಹಾವೂ ಸಾಯದೆ ಕೋಲೂ ಮುರಿಯದೆ ಮುಗಿಸಬಹುದೆಂದು ಅವಳು ಇಲ್ಲಿಯವರೆಗೂ ಅಂದುಕೊಂಡಿದ್ದಳೆಂಬುದು ಅವಳಿಗೇ ಈಗ ತಿಳಿಯಿತು. ಸಾಲನ್ನು ಹೊಡೆದುಹಾಕಿ ಕೆಳಗೆ ಬರೆದಳು: ಬ್ರೇಕ್ ಹಾಕಿದ್ದು ನನ್ನ ಗಮನಕ್ಕೆ ಬಂದಿತ್ತು. ನಾನು ಅಂಕ ಕೊಡಲಿಲ್ಲ.

"ಯಾಕೆ ಅಂತ ಬರೀಬೇಕಾ?" ಎಂದು ಕೇಳಿದಳು.

"ಬೇಡ. ಅದನ್ನ ಓದಿದ್ರೆ ನಗ್ತಾರೆ. ಹೊಡೆದುಹಾಕಿದ್ದು ಬೇಡ, ಬೇರೆ ಹಾಳೆಲಿ ಚೆನ್ನಾಗಿ ಬರಿ. ಸಹಿ ಕೆಳಗೆ ಸಿಸ್ಟರ್ ಅಂತ ಹಾಕು. ಅದಕ್ಕೇ ಅಲ್ವಾ ಬೆಲೆ."

ಹಾಕಿದಳು. ದೊಡ್ಡಕ್ಕ ಕಾಗದವನ್ನು ತುಟಿಯಾಡಿಸುತ್ತ ಎರಡು ಸಲ ಓದಿ, ಮಡಿಸದೆ, ಎರಡೂ ಕೈಯಲ್ಲಿ ಹಿಡಿದು ಮೇಲೆ ಹೋದಳು. ಅವಳು ಕೂತೇ ಇದ್ದಳು. ಹಗುರವಾಗುತ್ತದೆ ಎಂದು ಕಾದಳು. ಆಗಲಿಲ್ಲ. ಬದಲಿಗೆ, ಆ ಹೆಂಗಸಿಗೆ ಎಷ್ಟು ಸೊಕ್ಕು, ಒಂದು ಮಾತು, ಪರವಾಗಿಲ್ಲ ಅಂತ ಒಂದು ಮಾತು ಹೇಳಬಹುದಿತ್ತಲ್ಲ ಎಂದುಕೊಂಡಳು. ಅಂದುಕೊಂಡದ್ದು ತನ್ನದೇ ದನಿಯಲ್ಲಿ ಕೇಳಿಸಿ, ಇನ್ನು ಮುಂದಕ್ಕೆ ಯೋಚಿಸಲು ಅವಳಿಗೆ ಹೇಸಿಗೆಯಾಯಿತು.

ಮುಕ್ಕಾಲು ಗಂಟೆಯ ಮೇಲೆ ದೊಡ್ಡಕ್ಕ ಬಂದಳು.

"ತಗೊಂಡ್ರು. ಎರಡು ಸಲ ಓದಿದ್ರು. ನನಗೆ ಮೂವತ್ತೈದು ಆಯ್ತಂತೆ, ಸೋಮವಾರ ತರಗತಿ ಶುರು."

"ನನ್ನದು?"

"ಪದವಿ ಪಟ್ಟಿಲಿ ನಿನ್ನ ಹೆಸರ ಮೇಲೆ ಗೆರೆ ಎಳೆದ್ರು. ನಾನು ಅಲ್ಲೇ ನಿಂತಿದ್ದೆ." ದೊಡ್ಡಕ್ಕ ತಿಳಿನೀಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮುಂದಿನ ವರ್ಷ ಕೇಳ್ಕೋಬೇಕಂತೆ. ಕೊಟ್ರೂ ಕೊಡಬಹುದು."

ನಾಲ್ಕನೇ ಮಂಚದಿಂದ ಗಂಟೆ ಹೊಡೆಯಿತು. ದಿನದ ಈ ಹೊತ್ತಿಗೆ ನಾಲ್ಕನೇ ಮಂಚದವರು ಕರೆಯುವುದು ಬೆಡ್‌ಪ್ಯಾನಿಗೆಂದು ಇಬ್ಬರಿಗೂ ಗೊತ್ತಿತ್ತು. ದೊಡ್ಡಕ್ಕ ಕದಲದೆ, ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, ಅವಳನ್ನೇ ನೋಡಿದಳು.

"ನೀನು ಹೋಗ್ತೀಯೋ, ನಾನು ಹೋಗ್ಲೋ?"

ಸೋಮವಾರದವರೆಗೆ ಅದು ದೊಡ್ಡಕ್ಕನದೇ ಕೆಲಸ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಗಂಟೆ ಇನ್ನೊಮ್ಮೆ ಹೊಡೆಯಿತು. ಅವಳು ಎದ್ದಳು. ಕರುಣೆಯಿಂದಲ್ಲ, ಕೂತಿರುವಾಗ ಯಾರೋ ನಿಂತು ತನ್ನನ್ನು ನೋಡುವುದನ್ನು ಇನ್ನೊಂದು ಕ್ಷಣವೂ ತಡೆಯಲಾರದೆ.